ಹನ್ನೊಂದೂವರೆ ಅಡಿ ತೊಲೆಯ ಮನೆ

2017ರ ಅಕ್ಟೋಬರ್ ಮಳೆಗೆ ತಿಪಟೂರು ತಾಲ್ಲೂಕಿನ ನಮ್ಮೂರಿನ ಹಳೆಯ ಮನೆಯ ಪಡುವಣ ಗೋಡೆ ಕುಸಿಯಿತು. ಅಮ್ಮ ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದುದರಿಂದ ಅವಳಿಗೆ ಏನೂ ಆಗಲಿಲ್ಲ. ಮಾರನೆಯ ದಿನ ನಾನು ಬೆಂಗಳೂರಿನಿಂದ ಹೋಗುವಷ್ಟರಲ್ಲಿ ಊರಿನವರು ತೀರ್ಪು ಕೊಟ್ಟಾಗಿತ್ತು: ಮಣ್ಣಿನ ಗೋಡೆ, ಇನ್ನೆಷ್ಟು ವರ್ಷ ನಿಂತೀತು? ಆದರೆ ಬಿದ್ದ ಹೆಂಟೆಗಳನ್ನು ಸರಿಸಿ ನೋಡಿದಾಗ ಕಂಡದ್ದು ಬೇರೆ. ಗೋಡೆ ಮೇಲಿನಿಂದ ಮುರಿದಿರಲಿಲ್ಲ. ಬುಡದ ಒಂದೂವರೆ ಅಡಿ ಕೆಸರಾಗಿ ಕೂತುಬಿಟ್ಟಿತ್ತು. ಬೀದಿಗೆ ಎರಡು ಸಲ ಕಾಂಕ್ರೀಟ್ ಹಾಕಿ ರಸ್ತೆಯ ಮಟ್ಟ ನಮ್ಮ ಜಗಲಿಗಿಂತ ಮೇಲೇರಿದ್ದರಿಂದ ಮಳೆಯ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಿನ ತಪ್ಪು ನನ್ನದು. ಹತ್ತು ವರ್ಷಗಳ ಹಿಂದೆ ಮನೆ ಗಟ್ಟಿಯಾಗಲೆಂದು ದುಡ್ಡು ಕಳಿಸಿ ಹೊರಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದೆ. ಮಣ್ಣಿನ ಗೋಡೆ ಹೀರಿಕೊಂಡ ತೇವವನ್ನು ಹೊರಕ್ಕೆ ಬಿಡಬೇಕು. ಸಿಮೆಂಟಿನ ಚಿಪ್ಪು ಅದನ್ನು ಒಳಗೇ ಹಿಡಿದಿಟ್ಟಿತ್ತು. ಬಿದ್ದ ಗಿಲಾವಿನ ಹಲಗೆಯೊಂದನ್ನು ಮಗುಚಿದಾಗ ಅದರ ಒಳಮೈ ಆಗಲೂ ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು.

ಹೊಸ ಮನೆ ಕಟ್ಟಲೇಬೇಕಿತ್ತು. ಅದನ್ನೂ ಮಣ್ಣಿನಲ್ಲೇ ಕಟ್ಟೋಣವೆಂಬ ಯೋಚನೆ ಹುಟ್ಟಿದ್ದು ಆ ಒದ್ದೆ ಹಲಗೆಯನ್ನು ಕೈಯಲ್ಲಿ ಹಿಡಿದಾಗಲೇ ಎಂದರೆ ತುಸು ನಾಟಕೀಯವಾದೀತು. ನಿಜವಾಗಿ ಅದು ಗಟ್ಟಿಯಾಗಲು ಒಂದು ವರ್ಷ ಹಿಡಿಯಿತು. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವನು. ಕಟ್ಟಡದ ವಿದ್ಯೆ ನನ್ನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ಮೇಲೆ ಕೆಲಸ ಮಾಡಿತೆಂದೂ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡುವ ಅಗತ್ಯವಿಲ್ಲದ ಇಟ್ಟಿಗೆಯನ್ನು ಅಲ್ಲಿನವರು ವರ್ಷಗಟ್ಟಲೆ ಪರೀಕ್ಷಿಸಿ ಬಳಕೆಗೆ ತಂದರೆಂದೂ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಅಂಥ ಇಟ್ಟಿಗೆಯ ಮನೆಗಳು ಬೆಂಗಳೂರಿನಲ್ಲಿಯೇ ಬೇಕಾದಷ್ಟಿದ್ದವು. ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುವ ಬೀದಿಯಲ್ಲೇ ಎರಡಿದ್ದವು, ನೋಡಿರಲಿಲ್ಲ ಅಷ್ಟೆ. ಆ ಸಹೋದ್ಯೋಗಿಯ ಮೂಲಕವೇ ಮಣ್ಣಿನ ಕಟ್ಟಡಗಳಲ್ಲಿ ಅನುಭವವಿದ್ದ ಯುವ ವಾಸ್ತುಶಿಲ್ಪಿಯೊಬ್ಬಳ ಪರಿಚಯವಾಯಿತು.

ಮೊದಲ ಭೇಟಿಗೆ ನಾನು ಗ್ರಾಫ್ ಹಾಳೆಯ ಮೇಲೆ ಬರೆದ ನಕ್ಷೆಯನ್ನು ಒಯ್ದಿದ್ದೆ. ಹನ್ನೆರಡಕ್ಕೆ ಹದಿನಾಲ್ಕರ ಹಜಾರ, ಹನ್ನೊಂದಕ್ಕೆ ಹನ್ನೆರಡರ ಕೋಣೆ, ಹೀಗೆ. ಆಕೆ ಅದನ್ನು ನೋಡಿ ಮಡಿಸಿಟ್ಟು, “ಸಾರ್, ಈ ಹನ್ನೆರಡು ಎಲ್ಲಿಂದ ಬಂತು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಬೆಂಗಳೂರಿನ ಬಾಡಿಗೆ ಮನೆಯ ಹಜಾರ ಹನ್ನೆರಡಡಿ ಇತ್ತು, ಅದನ್ನೇ ಬರೆದಿದ್ದೆ. “ಊರಲ್ಲಿ ಏನೇನಿದೆ ನೋಡಿಕೊಂಡು ಬನ್ನಿ. ಅಳತೆ ಆಮೇಲೆ ಹಾಕೋಣ” ಎಂದಳು. ಮುಂದೆ ನಡೆದ ವಿನ್ಯಾಸದ ಕೆಲಸವೆಲ್ಲ ಈ ಒಂದು ಮಾತಿನ ವಿಸ್ತರಣೆಯೇ. ಈಗ ಆ ಮನೆಯಲ್ಲಿ ಯಾವ ಅಳತೆಯನ್ನು ಕೇಳಿದರೂ ಅದು ಯಾವ ವಸ್ತುವಿನಿಂದ ಬಂತೆಂದು ನಾನು ಹೇಳಬಲ್ಲೆ.

ಮೊದಲು ನೋಡಿದ್ದು ಹಳೆಯ ಮನೆಯ ತೊಲೆಗಳನ್ನು. ತಾತನ ಕಾಲದ ಹೊನ್ನೆ ಮರದವು, ಹದಿನಾಲ್ಕು ಅಡಿ ಉದ್ದದವು ಹನ್ನೊಂದಿದ್ದವು. ನಡುವೆ ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿ. ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಮಾತ್ರ ತೇವವೂ ಗೆದ್ದಲೂ ಸೇರಿ ತಿಂದಿದ್ದವು. ಬಡಗಿ ಉಳಿಯಿಂದ ತಟ್ಟುತ್ತ ಹೋಗಿ, ಶಬ್ದ ಬದಲಾದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದ. ಟೊಳ್ಳು ಸದ್ದಿನ ಭಾಗವನ್ನು ಕತ್ತರಿಸಿದ ಮೇಲೆ ಎಲ್ಲದರಲ್ಲೂ ಹನ್ನೊಂದೂವರೆ ಅಡಿಯಂತೂ ಉಳಿಯಿತು. ಎರಡು ಕಡೆಯ ಗೋಡೆಗಳ ಮೇಲೆ ಮುಕ್ಕಾಲು ಮುಕ್ಕಾಲು ಅಡಿ ಕೂರಬೇಕು. ಹಾಗಾಗಿ ಗೋಡೆಯಿಂದ ಗೋಡೆಗೆ ಹತ್ತು ಅಡಿ. ಮನೆಯ ಮೊದಲನೆಯ ಅಳತೆ ಅಲ್ಲಿ ಹುಟ್ಟಿತು. ಹತ್ತಡಿ ಅಗಲದ ಮೂರು ಅಂಕಣಗಳು ಸಾಲಾಗಿ, ಮುಕ್ಕಾಲು ಅಡಿಯ ನಾಲ್ಕು ಅಡ್ಡಗೋಡೆಗಳು, ಒಟ್ಟು ಮೂವತ್ತಮೂರು ಅಡಿ ಉದ್ದ. ಅಡ್ಡಗೋಡೆಗಳನ್ನೇ ಮಾಡಿನ ನೆತ್ತಿಯವರೆಗೆ ಏರಿಸಿ ಅವುಗಳ ಮೇಲೆ ತೊಲೆ ಹಾಯಿಸಿದರೆ ಕಬ್ಬಿಣದ ಟ್ರಸ್ ಬೇಡ, ಹೊಸ ಮರವೂ ಹೆಚ್ಚು ಬೇಡ. ಅಂಕಣಗಳಿಂದ ಮನೆ ಅಳೆಯುವ ಪದ್ಧತಿ ನಮ್ಮೂರಿನಲ್ಲಿ ಮೊದಲಿನಿಂದಲೂ ಇದೆ; ‘ಐದಂಕಣದ ಮನೆ’ ಎಂದು ಅಮ್ಮ ತನ್ನ ತವರನ್ನು ಹೇಳಿಕೊಳ್ಳುವುದನ್ನು ಕೇಳಿಯೇ ಬೆಳೆದವನು ನಾನು. ಅಂಕಣವೆಂದರೆ ತೊಲೆಯ ಹರವು ಎಂಬುದು ಮಾತ್ರ ಆಗ ತಿಳಿಯಿತು.

ದಿಕ್ಕಿನ ವಿಷಯದಲ್ಲಿ ಅಮ್ಮನದು ಒಂದೇ ಷರತ್ತು, ಅಡುಗೆಮನೆ ಆಗ್ನೇಯದಲ್ಲಿರಬೇಕು. ವಾಸ್ತುಶಿಲ್ಪಿಯದೂ ಒಂದೇ, ಮನೆಯ ಉದ್ದ ಮೈ ಪೂರ್ವ ಪಶ್ಚಿಮಕ್ಕೆ ಚಾಚಿ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿಗೆ ಚಿಕ್ಕ ಗೋಡೆಗಳು ಮಾತ್ರ ಸಿಗಬೇಕು. ಇಬ್ಬರದೂ ನಡೆಯಿತು. ಮೂಡಣ ಅಂಕಣದಲ್ಲಿ ಅಡುಗೆಮನೆ ಮತ್ತು ಅಮ್ಮನ ಕೋಣೆ, ನಡುವೆ ಹಜಾರ, ಪಡುವಣ ಅಂಕಣದಲ್ಲಿ ಬಚ್ಚಲು ಮತ್ತು ನಾವು ಬಂದಾಗ ಮಲಗುವ ಕೋಣೆ. ಮಧ್ಯಾಹ್ನದ ಬಿಸಿಲು ಬಡಿಯುವ ಗೋಡೆಯ ಹಿಂದೆ ಹಗಲಲ್ಲಿ ಯಾರೂ ಕೂರುವುದಿಲ್ಲ. ಉತ್ತರದ ಗೋಡೆಗೆ ಬಿಸಿಲೇ ಬೀಳದು, ಅಲ್ಲಿ ಸೂರು ಚಿಕ್ಕದಿದ್ದರೆ ಸಾಕೆಂದು ನಾನು ವಾದಿಸಿದ್ದೆ. ನಮ್ಮ ಊರು ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆಂದು ಆಕೆ ತೋರಿಸಿಕೊಟ್ಟಳು. ಹಾಗಾಗಿ ಹೆಂಚಿನ ಮಾಡಿಗೆ ಎಲ್ಲ ಕಡೆಯೂ ಮೂರಡಿ ಸೂರು. ಬಿಸಿಲಿಗಿಂತ ಹೆಚ್ಚಾಗಿ ಅದು ಮಳೆಯ ಲೆಕ್ಕ: ಮಣ್ಣಿನ ಗೋಡೆಗೆ ಕಾಲಿಗೆ ಎಕ್ಕಡ, ತಲೆಗೆ ಛತ್ರಿ ಎರಡೂ ಬೇಕು. ಎಕ್ಕಡವೆಂದರೆ ಎರಡಡಿ ಎತ್ತರದ ಕಲ್ಲಿನ ತಳಪಾಯ, ಛತ್ರಿಯೆಂದರೆ ಈ ಸೂರು.

ಮಣ್ಣಿನ ಪರೀಕ್ಷೆಯನ್ನು ನಾನೇ ಮಾಡಿದೆ, ಅದರಲ್ಲಿ ಸಿಕ್ಕಷ್ಟು ಸಂತೋಷ ಬೇರೆ ಯಾವ ಹಂತದಲ್ಲೂ ಸಿಗಲಿಲ್ಲ. ನಮ್ಮದು ಕೆಮ್ಮಣ್ಣಿನ ಜಾಗ, ಅದು ಅದೃಷ್ಟ. ಎರೆಮಣ್ಣಾಗಿದ್ದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಅದರ ಸ್ವಭಾವ ಇಟ್ಟಿಗೆಗೆ ಒಗ್ಗುತ್ತಿರಲಿಲ್ಲ. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಸೇರಿರುವುದರಿಂದ ಅದನ್ನು ಬದಿಗೆ ತೆಗೆದು, ಅದರ ಕೆಳಗಿನದನ್ನು ಉಪ್ಪಿನಕಾಯಿಯ ಗಾಜಿನ ಜಾಡಿಗೆ ಮೂರನೇ ಒಂದು ಭಾಗ ತುಂಬಿ, ನೀರು ಸುರಿದು, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಅಡುಗೆಮನೆಯ ಗೂಡಿನಲ್ಲಿಟ್ಟೆ. ಮರಳು ನೋಡುನೋಡುತ್ತಲೇ ತಳಕ್ಕೆ ಕೂತಿತು. ಗೋಡು ಒಂದೆರಡು ಗಂಟೆ ತೆಗೆದುಕೊಂಡಿತು. ಜೇಡಿ ಮಾತ್ರ ಮಾರನೆಯ ದಿನದವರೆಗೂ ಕೆಂಪು ಮಜ್ಜಿಗೆಯಂತೆ ತೇಲುತ್ತಲೇ ಇತ್ತು. ತಿಳಿಯಾದ ಮೇಲೆ ಸ್ಕೇಲ್ ಹಿಡಿದು ಅಳೆದಾಗ ನೂರಕ್ಕೆ 52 ಮರಳು, 18 ಗೋಡು, 30 ಜೇಡಿ ಬಂತು. ಸಿಮೆಂಟ್ ಸೇರಿಸಿ ಒತ್ತುವ ಇಟ್ಟಿಗೆಗೆ ಮೂರರಲ್ಲಿ ಎರಡು ಪಾಲು ಮರಳೂ, ನೂರಕ್ಕೆ 15ರ ಆಸುಪಾಸು ಜೇಡಿಯೂ ಇದ್ದರೆ ಒಳ್ಳೆಯದು. ನಮ್ಮದರಲ್ಲಿ ಜೇಡಿ ಹೆಚ್ಚಿತ್ತು. ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಜಲ್ಲಿ ಕ್ರಷರಿನ ಪುಡಿ ಬೆರೆಸಬೇಕಾಯಿತು. ಬೆರೆಸಿದ ಮೇಲೂ ಲೆಕ್ಕಕ್ಕೆ ಜೇಡಿ 20 ಬರುತ್ತಿತ್ತು, ಆದರೆ ಅದು ನೀರಿನಲ್ಲಿ ಉಬ್ಬುವುದರಿಂದ ಜಾಡಿ ಅದನ್ನು ತುಸು ಹೆಚ್ಚಾಗಿಯೇ ತೋರಿಸುತ್ತದೆಂದು ವಾಸ್ತುಶಿಲ್ಪಿ ಒಪ್ಪಿದಳು. ಆ ಜಾಡಿಯನ್ನು ಅಮ್ಮ ಆಮೇಲೆ ಉಪ್ಪಿನಕಾಯಿಗೆ ಬಳಸಲಿಲ್ಲ. ಅದು ಈಗಲೂ ನನ್ನ ಬಳಿಯೇ ಇದೆ.

ಧನುರ್ಮಾಸ ಕೂಡುವ ಮೊದಲೇ, 2018ರ ಕಾರ್ತಿಕದಲ್ಲಿ, ಗುದ್ದಲಿ ಪೂಜೆಯಾಯಿತು. ಪಾಯ ತೋಡಿದ ಮಣ್ಣೇ ಇಟ್ಟಿಗೆಯಾಗಬೇಕೆಂಬುದು ಲೆಕ್ಕ. ಮೂರಡಿ ಆಳ, ಎರಡಡಿ ಅಗಲದ ಪಾಯದಿಂದ ಇಟ್ಟಿಗೆಗೆ ಬೇಕಾದ ಮಣ್ಣು ಹೆಚ್ಚುಕಡಿಮೆ ಸಿಕ್ಕಿತು. ಕೊರತೆ ಬಿದ್ದದ್ದಕ್ಕೂ, ತಳಪಾಯದೊಳಗೆ ತುಂಬುವುದಕ್ಕೂ ಹಿತ್ತಲಿನಲ್ಲಿ ಮಳೆನೀರಿನ ಸಂಪಿಗಾಗಿ ತೋಡಿದ 12,000 ಲೀಟರಿನ ಗುಂಡಿ ಒದಗಿತು. ಮಣ್ಣಿನ ಒಂದು ಲಾರಿಯೂ ಹೊರಗಿನಿಂದ ಬರಲಿಲ್ಲ. ಪಾಯಕ್ಕೆ ಸೈಜುಗಲ್ಲು ಹತ್ತಿರದ ಕ್ವಾರಿಯಿಂದ ಬಂತು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನಮ್ಮ ಕಡೆ ಕಲ್ಲಿನ ಕೆಲಸಕ್ಕೆ ಯಾರೂ ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಪಾಠ ಬೇಕಾದದ್ದು ಇಟ್ಟಿಗೆಗೆ. ನಮ್ಮ ಮೇಸ್ತ್ರಿ ಮೂವತ್ತು ವರ್ಷದ ಅನುಭವಸ್ಥ. ರಸಮಟ್ಟ, ತೂಗುಗುಂಡು, ಮೂಲೆಮಟ್ಟಗಳನ್ನು ಚೀಲದಿಂದ ತೆಗೆದು ಒರೆಸಿ ಇಡುವ ಕ್ರಮದಲ್ಲೇ ಆತನ ಶಿಸ್ತು ಕಾಣುತ್ತಿತ್ತು. ಮಣ್ಣಿನ ರಾಶಿ ನೋಡಿ, “ಮಣ್ಣು ಮಣ್ಣೇ ಕಣ್ ಸಾರ್. ಎಷ್ಟ್ ಒತ್ತಿದ್ರೂ ಅದಕ್ಕೆ ಕಲ್ಲಿನ್ ಬುದ್ಧಿ ಬರಲ್ಲ” ಎಂದ. ಬಾಡಿಗೆಗೆ ತಂದ ಯಂತ್ರ ಕೈಯಿಂದಲೇ ಒತ್ತುವಂಥದ್ದು, ಉದ್ದನೆಯ ಸನ್ನೆಗೋಲಿನದು. ಅಳೆದು ತೂಗಿದ ಮಣ್ಣನ್ನು ಅಚ್ಚಿಗೆ ಸುರಿದು, ಮುಚ್ಚಳ ಹಾಕಿ, ಇಬ್ಬರು ಸನ್ನೆಗೋಲಿಗೆ ಜೋತುಬಿದ್ದರೆ ಒಂಬತ್ತು ಅಂಗುಲ ಉದ್ದ, ಏಳೂವರೆ ಅಂಗುಲ ಅಗಲ, ನಾಲ್ಕಂಗುಲ ದಪ್ಪದ ಇಟ್ಟಿಗೆ ಅಚ್ಚಿನಿಂದ ಮೇಲೇಳುತ್ತದೆ. ಹಸಿ ಇಟ್ಟಿಗೆ ಒಂಬತ್ತು ಕೆ.ಜಿ.ಯ ಹತ್ತಿರ ತೂಗುತ್ತದೆ. ಸಿಮೆಂಟ್ ನೂರಕ್ಕೆ ಏಳು ಪಾಲು.

ಎಲ್ಲದರ ಗುಟ್ಟು ನೀರಿನಲ್ಲಿತ್ತು. ಬೆರೆಸಿದ ಮಣ್ಣನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಉಂಡೆ ಹಾಗೆಯೇ ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು. ಪುಡಿಪುಡಿಯಾಗಿ ಚೆದುರಿದರೆ ಕಡಿಮೆ. ನಾಲ್ಕಾರು ಹೋಳಾದರೆ ಸರಿ. ಮೊದಲ ದಿನ ಮೇಸ್ತ್ರಿ ಇದನ್ನು ಮಕ್ಕಳಾಟವೆಂದು ಬದಿಗೊತ್ತಿ ಕಣ್ಣಳತೆಯಲ್ಲಿ ನೀರು ಹಾಕಿಸಿದ. ಗಾರೆಗೆ ಹಾಕುವಷ್ಟು ನೀರು ಬಿದ್ದು ಇಟ್ಟಿಗೆ ಅಚ್ಚಿಗೆ ಅಂಟಿಕೊಂಡಿತು, ಬಿಡಿಸಿದರೆ ಮೂಲೆ ಕಿತ್ತುಬಂತು. ಮೂರನೆಯ ದಿನದ ಹೊತ್ತಿಗೆ ಆತ ಉಂಡೆ ಬಿಡುವುದನ್ನು ಬೇರೆ ಯಾರಿಗೂ ಕೊಡದೆ ತಾನೇ ಮಾಡುತ್ತಿದ್ದ. ಬಿದ್ದ ಶಬ್ದ ಕೇಳಿಯೇ ಹದ ಹೇಳುವಷ್ಟು ಪಳಗಿದ. ಇನ್ನೊಂದು ನಿಯಮ, ಸಿಮೆಂಟ್ ಬಿದ್ದ ಮಣ್ಣನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಹಾಗಾಗಿ ಒಮ್ಮೆಗೆ ದೊಡ್ಡ ರಾಶಿ ಕಲಸುವಂತಿಲ್ಲ. ಊಟದ ಹೊತ್ತಿಗೆ ಕಲಸಿಟ್ಟು ಹೋಗುವ ಅಭ್ಯಾಸ ಬಿಡಿಸಲು ನಾನು ಊಟದ ಸಮಯವನ್ನೇ ಬದಲಿಸಬೇಕಾಯಿತು.

ಆರು ಜನ ಸೇರಿ ದಿನಕ್ಕೆ ಸರಾಸರಿ 350ರಂತೆ, ಹದಿನಾಲ್ಕು ದಿನಕ್ಕೆ ಸುಮಾರು 4,900 ಇಟ್ಟಿಗೆಗಳಾದವು. ಒತ್ತಿದ ಇಟ್ಟಿಗೆಯನ್ನು ಒಣಗಲು ಬಿಡಬಾರದು. ಇದನ್ನು ಒಪ್ಪಿಸುವುದು ಕಷ್ಟವಾಯಿತು, ಏಕೆಂದರೆ ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಒಣಗಿಸಿ ನೋಡಿದವರೇ ಎಲ್ಲರೂ. ಒತ್ತೊತ್ತಾಗಿ ಜೋಡಿಸಿ, ತೆಂಗಿನ ಗರಿ ಮುಚ್ಚಿ, ದಿನಕ್ಕೆ ಮೂರು ಸಲದಂತೆ ಮೂರು ವಾರ ನೀರು ಚಿಮುಕಿಸಬೇಕು. 2019ರ ಸಂಕ್ರಾಂತಿಗೆ ಕೆಲಸದವರು ಊರಿಗೆ ಹೋದರು, ನಾನು ಬೆಂಗಳೂರಿನಲ್ಲಿದ್ದೆ, ಅಮ್ಮನಿಗೆ ಹೇಳಲು ಮರೆತೆ. ಗಾಳಿಗೆ ಗರಿ ಹಾರಿ ಎರಡು ದಿನ ಮೇಲಿನ ಸಾಲುಗಳು ಬಿಸಿಲಿಗೆ ಬಿದ್ದವು. ವಾಪಸು ಬಂದು ಬೀಗದ ಕೈಯಿಂದ ಗೀರಿ ನೋಡಿದಾಗ ಕೆಳಗಿನ ಸಾಲಿನ ಇಟ್ಟಿಗೆಯ ಮೇಲೆ ಬಿಳಿಯ ಗೆರೆ ಮಾತ್ರ ಬಿತ್ತು. ಮೇಲಿನದರಲ್ಲಿ ಬೀಗದ ಕೈ ಬೆಲ್ಲದ ಅಚ್ಚಿಗೆ ಇಳಿದಂತೆ ಇಳಿಯಿತು. 260 ಇಟ್ಟಿಗೆಗಳನ್ನು ಗೋಡೆಗೆ ಬಳಸದೆ ತೆಗೆದಿಟ್ಟೆವು. ಆ ನಷ್ಟಕ್ಕೆ ನಾನು ಯಾರನ್ನೂ ದೂರುವಂತಿರಲಿಲ್ಲ. ಉಳಿದವುಗಳಲ್ಲಿ ಕೆಲವನ್ನು ಇಪ್ಪತ್ತೆಂಟು ದಿನಗಳ ನಂತರ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಕೊಟ್ಟು, ನೀರಿನಲ್ಲಿ ನೆನೆಸಿ ಒತ್ತಿಸಿದಾಗ ಚದರ ಸೆಂಟಿಮೀಟರಿಗೆ ಸರಾಸರಿ 36 ಕೆ.ಜಿ. ಭಾರ ತಾಳಿದವು. ಒಂದಂತಸ್ತಿನ ಮನೆಗೆ ಅದು ಧಾರಾಳವಾಯಿತು.

ಆ ವರದಿ ಇನ್ನೊಂದು ಕಡೆಗೂ ಬೇಕಾಯಿತು. ಸಾಲಕ್ಕೆ ಅರ್ಜಿ ಹಾಕಿದ ಬ್ಯಾಂಕಿನ ಕಡೆಯಿಂದ ಬಂದ ಎಂಜಿನಿಯರ್ ನಿವೇಶನ ನೋಡಿ ‘ಕಚ್ಚಾ ಮನೆ’ ಎಂದು ಬರೆದು ಹೋದರು. ಕಚ್ಚಾ ಮನೆಗೆ ಸಾಲವಿಲ್ಲ. ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಗೂ ಐಎಸ್ 1725 ಎಂಬ ಭಾರತೀಯ ಮಾನಕವಿದೆ. ಅದರ ಪ್ರತಿಯನ್ನೂ ಪ್ರಯೋಗಾಲಯದ ವರದಿಯನ್ನೂ ಹಿಡಿದು ನಾಲ್ಕು ಸಲ ಓಡಾಡಿದ ಮೇಲೆ ಅವರು ತಮ್ಮ ಟಿಪ್ಪಣಿಯಲ್ಲಿ ‘ಮಣ್ಣು’ ಎಂಬ ಪದವನ್ನು ತೆಗೆದು ‘ಸ್ಟೆಬಿಲೈಸ್ಡ್ ಬ್ಲಾಕ್’ ಎಂದು ಬರೆದರು. ಇಟ್ಟಿಗೆ ಅದೇ, ಹೆಸರು ಬದಲಾದದ್ದಕ್ಕೆ ಸಾಲ ಮಂಜೂರಾಯಿತು.

ಗೋಡೆಯ ಕೆಲಸ ಮಾರ್ಚ್‌ನಲ್ಲಿ ಮೊದಲಾಯಿತು. ಗಾರೆಗೆ ಬರೀ ಸಿಮೆಂಟ್ ಮರಳಲ್ಲ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮಣ್ಣು, ಆರು ಪಾಲು ಮರಳು. ಇಟ್ಟಿಗೆಗಿಂತ ಗಾರೆ ಗಟ್ಟಿಯಾಗಿರಬಾರದು, ಗೋಡೆ ಬಿರಿಯುವುದಾದರೆ ಸಂದಿನಲ್ಲಿ ಬಿರಿಯಲಿ, ಇಟ್ಟಿಗೆಯಲ್ಲಲ್ಲ ಎಂಬುದು ಅದರ ತರ್ಕ. ಮಣ್ಣು ಸೇರಿದ ಗಾರೆ ಕರಣೆಯಿಂದ ಬೆಣ್ಣೆಯಂತೆ ಜಾರುತ್ತದೆಂದು ಮೇಸ್ತ್ರಿಯೇ ಮೆಚ್ಚಿದ. ಹೊರಗೋಡೆಗೆ ಗಿಲಾವು ಇಲ್ಲವೆಂದಾಗ ಮಾತ್ರ ಆತನಿಗೆ ನಿಜವಾಗಿ ಬೇಸರವಾಯಿತು. ಸುಣ್ಣಬಣ್ಣ ಕಾಣದ ಗೋಡೆಯನ್ನು ನೋಡಿ ಊರಿನವರು ಮನೆ ಅರ್ಧಕ್ಕೆ ನಿಂತಿದೆಯೆಂದುಕೊಳ್ಳುತ್ತಾರೆ, ದುಡ್ಡು ಸಾಲಲಿಲ್ಲವೇನೋ ಎನ್ನುತ್ತಾರೆ ಎಂಬುದು ಆತನ ಚಿಂತೆ. ಅದು ಹಾಗೆಯೇ ಆಯಿತು, ಈಗಲೂ ಯಾರಾದರೂ ಬಂದರೆ, “ಪ್ಲಾಸ್ಟರ್ ಯಾವಾಗ ಮಾಡಿಸ್ತೀರಿ?” ಎಂದು ಕೇಳುತ್ತಾರೆ.

ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು ನಮ್ಮ ಬಯಲುಸೀಮೆಯ ‘ಸ್ಥಳೀಯ’ ವಸ್ತುವೇ ಎಂದು ಯಾರಾದರೂ ಕೇಳಬಹುದು. ನಾಡಹೆಂಚು ಸುಡುವವರು ನಮ್ಮ ಸುತ್ತಮುತ್ತ ಈಗ ಯಾರೂ ಉಳಿದಿಲ್ಲ. ಹಳೆಯ ಮನೆಯದೊಂದು ರಾಶಿ ನಾಡಹೆಂಚು ನಮ್ಮಲ್ಲಿತ್ತು, ಆದರೆ ವರ್ಷವರ್ಷವೂ ಅದನ್ನು ತಿರುವಿ ಹಾಕಲು ಮಾಡು ಹತ್ತಬಲ್ಲವರು ಬೇಕು. ಆದ್ದರಿಂದ ಎರಡು ಅಂಕಣಗಳಿಗೆ ತಿಪಟೂರಿನಲ್ಲಿ ಮನೆ ಕೆಡವುತ್ತಿದ್ದವರೊಬ್ಬರಿಂದ ಬಳಸಿದ ಮಂಗಳೂರು ಹೆಂಚನ್ನೇ ಕೊಂಡೆವು. ಚದರ ಮೀಟರಿಗೆ ಹದಿನೈದರಂತೆ ಸಾವಿರ ಹೆಂಚು. ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಗಂಟೆಯಂತೆ ನಾದ ಬಂದದ್ದನ್ನು ಮಾತ್ರ ಆರಿಸಿದೆವು. ರೀಪುಗಳ ಅಂತರವನ್ನು ನಿರ್ಧರಿಸುವುದೂ ಹೆಂಚೇ: ಮೇಲಿನ ಹೆಂಚು ಕೆಳಗಿನದರ ಮೇಲೆ ಎಷ್ಟು ಕೂರಬೇಕೋ ಅಷ್ಟು ಬಿಟ್ಟು ಉಳಿದದ್ದು, ಅಂದರೆ ಒಂದಡಿಗಿಂತ ತುಸು ಹೆಚ್ಚು. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳು ಬೆರೆತಿದ್ದರೆ ಒಂದರ ತುಟಿ ಇನ್ನೊಂದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ನಮಗೆ ಅದು ತಿಳಿದದ್ದು ಬಡಗಣ ಇಳಿಜಾರು ಅರ್ಧ ಮುಗಿದ ಮೇಲೆ. ಎಲ್ಲವನ್ನೂ ಇಳಿಸಿ, ಹಿಂಬದಿಯ ಮುದ್ರೆ ನೋಡಿ ಬೇರೆ ಮಾಡಿ, ಒಂದು ಇಳಿಜಾರಿಗೆ ಒಂದೇ ಮುದ್ರೆಯ ಹೆಂಚೆಂದು ಮತ್ತೆ ಹೊದಿಸಿದೆವು. ಜೂನ್ ಮೊದಲ ವಾರದ ಮಳೆಗೆ ಎರಡು ದಿನ ಮುಂಚೆ ಕೆಲಸ ಮುಗಿಯಿತು.

ಪಡುವಣ ಅಂಕಣದ ಮೇಲೆ ಮಾತ್ರ ಸಮತಟ್ಟಾದ ಚಾವಣಿ ಬೇಕಿತ್ತು. ನೀರಿನ ಟ್ಯಾಂಕ್ ಇಡಲು ಒಂದು ಕಾರಣ, ಅಮ್ಮನಿಗೆ ಹಪ್ಪಳ, ಮೆಣಸಿನಕಾಯಿ ಒಣಗಿಸಲು ಇನ್ನೊಂದು. ಹಳೆಯ ನಾಡಹೆಂಚಿಗೆ ಅಲ್ಲಿ ದಾರಿ ಸಿಕ್ಕಿತು. ಕಾಂಕ್ರೀಟು ಒತ್ತಡವನ್ನು ತಾಳುತ್ತದೆಯೇ ಹೊರತು ಎಳೆತವನ್ನಲ್ಲ. ಚಾವಣಿಯ ಕೆಳಭಾಗದಲ್ಲಿ ಎಳೆತವನ್ನು ಹೊರುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟು ಬಹುಪಾಲು ಬರೀ ಭಾರ. ಆ ಜಾಗದಲ್ಲಿ ಕಂಬಿಗಳ ನಡುವಿನ ಚೌಕಗಳಿಗೆ ಹೆಂಚು ಕೂರಿಸಿದರೆ ಕಾಂಕ್ರೀಟು ಉಳಿಯುತ್ತದೆ, ಚಾವಣಿ ಹಗುರವಾಗುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಈ ಫಿಲ್ಲರ್ ಸ್ಲ್ಯಾಬನ್ನು ಸಾವಿರಾರು ಜನರಿಗೆ ಪರಿಚಯಿಸಿದವರು. ನಾಡಹೆಂಚುಗಳನ್ನು ಎರಡೆರಡರಂತೆ ಬೋರಲು ಹಾಕಿ ನಡುವೆ ಗಾಳಿ ಉಳಿಯುವಂತೆ ಜೋಡಿಸಿದ್ದರಿಂದ ಶಾಖವೂ ಸ್ವಲ್ಪ ತಡೆಯುತ್ತದೆ. ಕೆಳಗಿನಿಂದ ನೋಡಿದರೆ ಬಚ್ಚಲಿನ ಚಾವಣಿಯಲ್ಲಿ ತಾತನ ಮನೆಯ ಹೆಂಚಿನ ಬೆನ್ನುಗಳು ಕಾಣುತ್ತವೆ.

ಒಳಗೋಡೆಗೆ ಮಣ್ಣಿನ ಗಿಲಾವು ಮಾಡಿಸಿದೆವು. ಜರಡಿಯಾಡಿದ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ರಾಗಿ ಹುಲ್ಲು, ಸಗಣಿ ಸೇರಿಸಿ ಗುಂಡಿಯಲ್ಲಿ ಹತ್ತು ದಿನ ಕೊಳೆಸಿ ತುಳಿಸಿದ್ದು. ಮೊದಲ ಕೋಣೆಯ ಗಿಲಾವು ಒಣಗುತ್ತಲೇ ಕೆರೆಯ ಅಂಗಳದಂತೆ ಬಿರಿಯಿತು. ಜೇಡಿ ಹೆಚ್ಚಿದ್ದ ಕಾರಣ ಎಂಬುದನ್ನು ಜಾಡಿ ಆಗಲೇ ಹೇಳಿತ್ತು, ನಾವು ಗಿಲಾವಿಗೆ ಅದನ್ನು ನೆನಪಿಸಿಕೊಳ್ಳಲಿಲ್ಲ. ಅಮ್ಮ ಬಂದು ನೋಡಿ, “ಒಂದು ಮಂಕರಿ ಮರಳು ಹಾಕಪ್ಪ, ಹುಲ್ಲು ಇನ್ನೂ ಸಣ್ಣಕ್ಕೆ ಕತ್ತರಿಸು” ಎಂದಳು. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದರೆ, “ನೀವು ಓದಿದೋರು, ಲೆಕ್ಕ ಹಾಕಿರ್ತೀರ ಅಂದ್ಕೊಂಡೆ” ಎಂದಳು. ಎರಡನೆಯ ಸಲ ಬಿರಿಯಲಿಲ್ಲ. ಅದರ ಮೇಲೆ ವಾರಗಟ್ಟಲೆ ನೆನೆದ ಸುಣ್ಣವನ್ನು ಮೂರು ಕೈ ಬಳಿದೆವು.

ನೆಲದ ಬಗ್ಗೆ ವಾದ ಬಹಳ ದಿನ ನಡೆಯಿತು. ಸಗಣಿ ಸಾರಿಸುವ ಮಣ್ಣಿನ ನೆಲವೇ ಆಗಲೆಂದು ನಾನು ಹಟ ಹಿಡಿದಿದ್ದೆ. ಎಪ್ಪತ್ತೆರಡರ ವಯಸ್ಸಿನಲ್ಲಿ ವಾರಕ್ಕೊಮ್ಮೆ ಬಗ್ಗಿ ಸಾರಿಸುವವರು ಯಾರು ಎಂದು ಅಮ್ಮ ಕೇಳಿದ ಮೇಲೆ ನನ್ನ ಹಟ ಅಲ್ಲಿಗೇ ನಿಂತಿತು. ಸಹಜ ವಸ್ತುಗಳ ಮನೆಯೆಂದು ಹೊರಟವರು ಎಷ್ಟೋ ಸಲ ಬೇರೆಯವರ ಸೊಂಟದ ಲೆಕ್ಕ ಹಿಡಿಯುವುದಿಲ್ಲ. ಜಗಲಿಗೂ ಬಚ್ಚಲಿಗೂ ಚಪ್ಪಡಿ ಕಲ್ಲು, ಒಳಗೆಲ್ಲ ರೆಡ್ ಆಕ್ಸೈಡ್ ನೆಲ ಎಂದು ತೀರ್ಮಾನವಾಯಿತು. ಅದನ್ನು ಬಲ್ಲ ಮೇಸ್ತ್ರಿಗಳು ಕಡಿಮೆ. ಅರಸೀಕೆರೆ ಕಡೆಯ ಹಿರಿಯರೊಬ್ಬರನ್ನು ಕರೆತಂದೆವು. ಹಜಾರವನ್ನು ಅವರು ಒಂದೇ ದಿನದಲ್ಲಿ, ನಡುವೆ ನಿಲ್ಲಿಸದೆ ಮಾಡಿದರು. ಹಸಿ ಗಾರೆಯ ಮೇಲೆ ಕೆಂಪು ಪುಡಿ ಬೆರೆಸಿದ ಸಿಮೆಂಟನ್ನು ತೆಳ್ಳಗೆ ಹರಡಿ, ಹಲಗೆಯ ಮೇಲೆ ಮಂಡಿಯೂರಿ, ಕರಣೆಯನ್ನು ಒಂದೇ ಓರೆಯಲ್ಲಿ ಹಿಡಿದು ಉಜ್ಜುತ್ತ ಹಿಂದೆ ಹಿಂದೆ ಸರಿಯುತ್ತ ಬಂದರು. ಸಂಜೆ ಬಾಗಿಲ ಬಳಿ ತಲುಪುವ ಹೊತ್ತಿಗೆ ಎದುರು ಗೋಡೆಯ ಕಿಟಕಿ ನೆಲದಲ್ಲಿ ಮಸುಕಾಗಿ ಕಾಣತೊಡಗಿತ್ತು. ಒಂದು ವಾರ ನೀರು ನಿಲ್ಲಿಸಿ, ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಒರೆಸಿದೆವು; ನಮ್ಮೂರಿನಲ್ಲಿ ಅದಕ್ಕೇನೂ ಬರವಿಲ್ಲ.

2020ರ ಮಾಘ ಮಾಸದಲ್ಲಿ ಹಾಲುಕ್ಕಿಸಿ ಒಳಗೆ ಬಂದೆವು. ಹಳೆಯ ಮನೆಯ ಬಾಗಿಲನ್ನು ಹಾಗೆಯೇ ಇಟ್ಟಿದ್ದರಿಂದ ಎಲ್ಲರೂ ತಲೆ ಬಗ್ಗಿಸಿಯೇ ಬರಬೇಕು. ನನ್ನ ಮಗ ಮೊದಲ ವಾರ ಮೂರು ಸಲ ಹಣೆ ಬಡಿಸಿಕೊಂಡ. ಲೆಕ್ಕ ಬರೆದಿಡುವುದು ನನ್ನ ಕಸುಬಾದ್ದರಿಂದ ಸಿಮೆಂಟಿನ ಮೂಟೆಗಳನ್ನೂ ಎಣಿಸಿದ್ದೆ: ಇಟ್ಟಿಗೆಗೇ 55, ಪಾಯದ ಮೇಲಿನ ಮತ್ತು ಬಾಗಿಲ ಮೇಲಿನ ಕಾಂಕ್ರೀಟು ಪಟ್ಟಿ, ಚಾವಣಿ, ನೆಲ, ಸಂಪು ಎಲ್ಲ ಸೇರಿ ಇನ್ನೂ ಅದಕ್ಕಿಂತ ಹೆಚ್ಚು. ಆದ್ದರಿಂದ ಇದನ್ನು ಅಪ್ಪಟ ಮಣ್ಣಿನ ಮನೆಯೆಂದು ನಾನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ವಾಸದ ಅನುಭವದಲ್ಲಿಯೂ ಎರಡು ಮುಖಗಳಿವೆ. ಏಪ್ರಿಲ್‌ನ ಮಧ್ಯಾಹ್ನ ಹೊರಗಿನಿಂದ ಬಂದರೆ ಹಜಾರ ತಂಪೆನಿಸುವುದು ನಿಜ. ಆದರೆ ಹಗಲೆಲ್ಲ ಹೀರಿದ ಶಾಖವನ್ನು ಗೋಡೆ ಸಂಜೆ ಏಳರ ಮೇಲೆ ಒಳಕ್ಕೆ ಬಿಡುತ್ತದೆ. ಆ ಹೊತ್ತಿಗೆ ಎಲ್ಲ ಕಿಟಕಿ ತೆರೆದು ಜಗಲಿಯಲ್ಲಿ ಕೂರುವುದೇ ವಾಸಿ. ಸಂಪಿನ ವಿಷಯದಲ್ಲಿ ನನ್ನ ಅಂದಾಜು ತಪ್ಪಿತ್ತು. ಮಾಡು, ಚಾವಣಿ ಸೇರಿ 75 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆಯೆಂದು ಹಿಡಿದು, ಐದರಲ್ಲೊಂದು ಪಾಲು ಪೋಲಾದರೂ 36,000 ಲೀಟರ್ ಬರಬೇಕು. ಬರುತ್ತದೆ ಕೂಡ, ಆದರೆ ಅದರಲ್ಲಿ ಬಹುಪಾಲು ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಬಂದು ಸಂಪು ತುಂಬಿ ಹೊರಗೆ ಹರಿಯುತ್ತದೆ. ಹರಿದದ್ದನ್ನು ಈಗ ಹಳೆಯ ಬಾವಿಗೆ ತಿರುಗಿಸಿದ್ದೇವೆ. ಸಂಕ್ರಾಂತಿಯಲ್ಲಿ ಕೆಟ್ಟ 260 ಇಟ್ಟಿಗೆಗಳಲ್ಲಿ ಸುಮಾರಾದವನ್ನು ಆರಿಸಿ ಮೇಸ್ತ್ರಿ ತನ್ನ ಮನೆಯ ಕೋಳಿಗೂಡಿಗೆ ಒಯ್ದ. ಎರಡು ಮಳೆಗಾಲದ ನಂತರ ನೋಡಿದಾಗ ಗೂಡು ನಿಂತಿತ್ತು. ಹೊರಗಡೆಗೆ ಸಿಮೆಂಟ್ ಗಿಲಾವು ಮಾಡಿ ಹಸಿರು ಬಣ್ಣ ಹೊಡೆದಿದ್ದ.

ನಮ್ಮ ಲೆಕ್ಕದಲ್ಲಿ ಎಲ್ಲಿಯೂ ಇಲ್ಲದಿದ್ದದ್ದು ಕೋತಿಗಳು. ತೆಂಗಿನ ತೋಟದಿಂದ ಮಾಡಿಗೆ, ಮಾಡಿನಿಂದ ಟ್ಯಾಂಕಿಗೆ ಅವುಗಳ ದಾರಿ. ಮುಂಗಾರಿಗೆ ಮೊದಲು ಒಡೆದ ಹೆಂಚು ಬದಲಿಸುವುದು ಈಗ ವರ್ಷದ ಕೆಲಸ, ಅದಕ್ಕೆಂದೇ ಅದೇ ಮುದ್ರೆಯ 150 ಹೆಂಚು ಹುಡುಕಿ ತಂದು ಬಾವಿಯ ಪಕ್ಕ ಜೋಡಿಸಿಟ್ಟಿದ್ದೇನೆ. ಒಡೆದಾಗಲೆಲ್ಲ ಅಮ್ಮ ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಾಳೆ. ಹೋದ ತಿಂಗಳು ಊರಿಗೆ ಹೋದಾಗ ಎಣಿಸಿದೆ, ಇಪ್ಪತ್ತಮೂರು ಇದ್ದವು.